ನುಣುಪಾದ ಕೆನ್ನೆಗೂ ಲೈಸೆನ್ಸ್ ಕೊಡಿ

ಮಾನ್ಯ ಚಾಲನಾ ಪರವಾನಗಿ ಅಧಿಕಾರಿಗಳೇ,

ಕಳೆದ ಮಂಗಳವಾರ ನಿಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ, ನಾನು ನಾನಲ್ಲ ಎಂದು ತೀರ್ಮಾನವಾಯಿತು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ಒಂದು ಕೋಳಿಮರಿಗೂ ಚಕ್ರ ತಾಗಿಸದವನ ಲೈಸೆನ್ಸ್ ನವೀಕರಿಸಲು ನೀವು ಒಪ್ಪಲಿಲ್ಲ. ಕಾರಣ, ನಿಮ್ಮ ಕಡತದಲ್ಲಿ ನನ್ನ ಗುರುತು ‘ಎಡಗೆನ್ನೆಯ ಮೇಲೆ ಗಾಯದ ಕಲೆ’ ಎಂದಿದೆ, ಕೆನ್ನೆಯಲ್ಲಿ ಕಲೆ ಇಲ್ಲ. ಮುಖ ಕೆಟ್ಟು ಕಷ್ಟಪಟ್ಟವರನ್ನು ಕಂಡಿದ್ದೇನೆ. ನೆಟ್ಟಗಾಗಿ ಕಷ್ಟಪಟ್ಟವನು ಬಹುಶಃ ನಾನೊಬ್ಬನೇ.

ಆ ಕಲೆ ಯೌವನದಲ್ಲಿ ಇಂಜಿನ್ನಿನ ಮುಚ್ಚಳ ಬಡಿದು ಕೆನ್ನೆ ತಗ್ಗಾದಾಗ ಉಳಿದದ್ದು. ಮೊದಲು ಓಡಿಸುತ್ತಿದ್ದ ಊರಿನ ಬಸ್ಸಿನಲ್ಲಿ ಅದರಿಂದ ಅನುಕೂಲವೇ ಇತ್ತು, ಚಿಲ್ಲರೆಗಾಗಿ ಯಾರೂ ನಮ್ಮ ಕಂಡಕ್ಟರ್ ಜೊತೆ ಜಗಳಕ್ಕೆ ಬರುತ್ತಿರಲಿಲ್ಲ. ಶಾಲೆಯ ಬಸ್ಸಿಗೆ ಸೇರಿದ ಮೇಲೆ ಫಜೀತಿ ಶುರುವಾಯಿತು. ಹೊಸ ಪುಟಾಣಿಗಳು ಮೆಟ್ಟಿಲು ಹತ್ತಿ ನನ್ನ ಮುಖ ನೋಡಿದ್ದೇ ತಡ, ಹೋ ಎಂದು ಅಳುತ್ತಿದ್ದವು. ಈ ವರ್ಷ ಒಬ್ಬ ಹುಡುಗಿ ಬಾಗಿಲ ಸರಳನ್ನು ತಬ್ಬಿಕೊಂಡು, “ಈ ಮಾಮ ಬೇಡಮ್ಮಾ, ಬೇರೆ ಮಾಮ ಬೇಕು” ಎಂದಳು. ಸಮಾಧಾನ ಮಾಡಲು ನಕ್ಕೆ. ನಕ್ಕರೆ ಕಲೆ ಇನ್ನೂ ಭೀಕರವಾಗಿ ಕಾಣುತ್ತಿತ್ತಂತೆ. ಅಂದು ನನಗೆ ಊಟ ಸೇರಲಿಲ್ಲ.

ನನ್ನ ನಾದಿನಿ ಚರ್ಮದ ಆಸ್ಪತ್ರೆಯಲ್ಲಿ ನರ್ಸು. “ಭಾವ, ಸೂಜೀಲಿ ಚರ್ಮದ ಕೆಳಗೆ ಫಿಲ್ಲರ್ ತುಂಬ್ತಾರೆ, ತಗ್ಗು ಸಮ ಆಗುತ್ತೆ” ಎಂದಳು.

“ರಸ್ತೆ ಗುಂಡಿಗೂ ಅದನ್ನೇ ತುಂಬಬಾರದಾ?” ಎಂದೆ. ಬೈದು ಕರೆದುಕೊಂಡು ಹೋದಳು. ಎರಡು ವಾರ ಕಳೆಯುವುದರೊಳಗೆ ಅದೇ ಹುಡುಗಿ ನನ್ನ ಹಿಂದಿನ ಸೀಟಿಗಾಗಿ ಇನ್ನೊಬ್ಬಳ ಜಡೆ ಎಳೆದಳು. ಸ್ವಾಮಿ, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತು ಮನೆಯಾಕೆಗೆ ತಿಳಿಯದಿರಲಿ.

ನಿಮ್ಮ ಗುಮಾಸ್ತರಿಗೆ ಮಾತ್ರ ಸಂತೋಷವಾಗಲಿಲ್ಲ. “ಯಾರನ್ನ ಕೇಳಿ ತುಂಬಿಸ್ಕೊಂಡ್ರಿ? ಡಾಕ್ಟರ ಹತ್ರ ಬರೆಸ್ಕೊಂಡ್ ಬನ್ನಿ” ಎಂದರು. ಡಾಕ್ಟರಿಗೆ ತಮ್ಮ ಕೈಚಳಕದ ಮೇಲೆ ಬಹಳ ಅಭಿಮಾನ. ‘ಈ ಕೆನ್ನೆಯಲ್ಲಿ ಎಂದಾದರೂ ಗಾಯವಿತ್ತೆಂದು ತಜ್ಞರೂ ಹೇಳಲಾರರು’ ಎಂದು ಬರೆದು ಮೊಹರು ಒತ್ತಿದರು. ನಾನು ದಡ್ಡ, ಓದದೆ ತಂದುಕೊಟ್ಟೆ.

“ನೋಡಿ, ಗಾಯ ಇತ್ತು ಅಂತ ನಿಮ್ಮ ಡಾಕ್ಟ್ರಿಗೇ ಹೇಳಕ್ಕಾಗ್ತಿಲ್ಲ!” ಎಂದರು ಗುಮಾಸ್ತರು. ಹಾಗಾದರೆ ಗುರುತನ್ನೇ ಬದಲಿಸಿ, ಕತ್ತಿನಲ್ಲೊಂದು ಒಳ್ಳೆಯ ಮಚ್ಚೆಯಿದೆ ಎಂದೆ. ಬದಲಿಸಲು ಮೂಲ ವ್ಯಕ್ತಿಯೇ ಬರಬೇಕಂತೆ; ಮೂಲ ವ್ಯಕ್ತಿಗೆ ಕಲೆ ಇರಬೇಕಂತೆ. ಸಹಿ, ಹೆಬ್ಬೆಟ್ಟು, ಇಪ್ಪತ್ತೆಂಟು ವರ್ಷದ ದುಡಿಮೆ, ಇವೆಲ್ಲ ಒಂದು ಕಲೆಯ ಮುಂದೆ ಏನೂ ಅಲ್ಲವೇ? ನಾಳೆ ಅಜ್ಜಿಯೊಬ್ಬರು ಹಣೆಯ ಸುಕ್ಕು ತುಂಬಿಸಿಕೊಂಡರೆ ಅವರ ವಯಸ್ಸನ್ನೂ ಕಡಿಮೆ ಮಾಡುತ್ತೀರೋ?

ಕೊನೆಗೆ ಗುಮಾಸ್ತರೇ ದಾರಿ ತೋರಿಸಿದರು. “ಫಿಲ್ಲರ್ ಎಷ್ಟು ದಿನ ಇರುತ್ತೆ?”

“ಐದು ವರ್ಷ ಸಾರ್.”

“ಅದು ಇಳಿದ ಮೇಲೆ ಬನ್ನಿ.”

ನನ್ನ ನಿವೃತ್ತಿಗೆ ಉಳಿದಿರುವುದು ನಾಲ್ಕೇ ವರ್ಷ. ನಿಮ್ಮ ಪ್ರಕಾರ ನಾನು ಮತ್ತೆ ನಾನಾಗುವ ಹೊತ್ತಿಗೆ ಬಸ್ಸು ಬೇರೆಯವರ ಕೈಯಲ್ಲಿರುತ್ತದೆ. ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಬೇರೆ ಚಾಲಕನನ್ನು ಇಟ್ಟುಕೊಳ್ಳುತ್ತೇವೆಂದು ಶಾಲೆಯವರು ಹೇಳಿದ್ದಾರೆ. ನನಗೆ ನಿಜಕ್ಕೂ ಹೆದರಿಕೆಯಾಗಿದೆ.

ಆದ್ದರಿಂದ ಕಡತದ ಆ ಒಂದು ಸಾಲನ್ನು ಶನಿವಾರದೊಳಗೆ ಹೊಡೆದುಹಾಕಿ. ಆಗುವುದಿಲ್ಲವೆಂದರೆ, ಮಕ್ಕಳು ಹೆದರಿ ಅಳುವ ಮುಖವೇ ನನ್ನ ಅಧಿಕೃತ ಮುಖವೆಂದು ಬರೆದು, ಕೆಳಗೆ ನಿಮ್ಮ ಸಹಿ ಹಾಕಿಕೊಡಿ.

ಇಂತಿ,
ಸದ್ಯಕ್ಕೆ ತಾನಲ್ಲದ,
ಶಾಲಾ ಬಸ್ಸಿನ ಚಾಲಕ