ಕೋಟೆ ಹೋಟೆಲಿನಲ್ಲಿ ಏಕಾದಶಿ

ನಮ್ಮ ಯಜಮಾನರಿಗೆ ನಮಸ್ಕಾರ.

ನೀವಿದ್ದಾಗ ದೇವಸ್ಥಾನದಿಂದ ಬಂದರೂ, ಅಂಗಡಿಯಿಂದ ಬಂದರೂ ಚಪ್ಪಲಿ ಬಿಡುವ ಮೊದಲೇ ನಿಮಗೆ ವರದಿ ಒಪ್ಪಿಸುತ್ತಿದ್ದೆ. ಈವತ್ತು ಮನೆಗೆ ಬಂದವಳು ನಿಮ್ಮ ಕುರ್ಚಿ ನೋಡಿ ಬಾಯಿ ತೆರೆದೇಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ನಗಬೇಡಿ.

ನೀವು ಹೋದ ಮೇಲೆ ನಮ್ಮ ಮೇಧಾ ಒಬ್ಬ ಹುಡುಗನನ್ನು ಮೆಚ್ಚಿದಳು. ಥಾಮಸ್ ಅಂತ, ಫ್ರೀಮಾಂಟಿನಲ್ಲಿ ಅವಳ ಆಫೀಸಿನವನೇ. ತಂದೆ ಇಲ್ಲ. ತಾಯಿ ಹೆಲೆನ್, ಇಂಗ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದವರು. ಹುಡುಗನಲ್ಲಿ ನನಗೆ ತಪ್ಪು ಕಾಣಲಿಲ್ಲ. ಆದರೂ ಅವನ ತಾಯಿಯನ್ನು ನೋಡದೆ ಹೂಂ ಅನ್ನುವುದಿಲ್ಲ ಎಂದುಬಿಟ್ಟಿದ್ದೆ. ನನ್ನ ಭಯ ನಿಮಗೆ ಬಿಡಿಸಿ ಹೇಳಬೇಕೇ? ನಾಳೆ ಆ ಮನೆಯಲ್ಲಿ ಒಂದು ದೀಪ ಹಚ್ಚುವುದಕ್ಕೂ ನಮ್ಮ ಮಗಳು ಅವರಿವರ ಮುಖ ನೋಡುತ್ತಾ...

ಹೆಲೆನ್ ನಮ್ಮನ್ನು ಒಂದು ಹೋಟೆಲಿನಲ್ಲಿ ಭಾನುವಾರದ ರೋಸ್ಟಿಗೆ ಕರೆದರು. ಅವರ ಕಡೆ ಭಾನುವಾರ ಮಧ್ಯಾಹ್ನ ಮಾಂಸ, ಆಲೂಗಡ್ಡೆ, ತರಕಾರಿ ಎಲ್ಲವನ್ನೂ ಓವನ್ನಿನಲ್ಲಿ ಕೆಂಪಗೆ ಬೇಯಿಸಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ಹಬ್ಬದಷ್ಟೇ ದೊಡ್ಡದಂತೆ. ಅಕ್ಕ ಮೈಸೂರಿನಿಂದ ಕಳಿಸಿದ ಕ್ಯಾಲೆಂಡರು ನೋಡಿದೆ. ಏಕಾದಶಿ ಸೋಮವಾರ ಅಂತಿತ್ತು. ಸರಿ, ಭಾನುವಾರ ಬರುತ್ತೇವೆ ಅಂದೆ.

ಈವತ್ತು ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತಿದ್ದೇನೆ, ದೇವಸ್ಥಾನದವರ ಮೆಸೇಜು ಬಂತು: ಇಂದು ಏಕಾದಶಿ. ಅಲ್ಲಿಯ ಸೋಮವಾರದ ತಿಥಿ ಇಲ್ಲಿ ಭಾನುವಾರವೇ ಬಂದುಬಿಡುತ್ತದೆಂದು ನೀವು ಪ್ರತಿ ವರ್ಷ ಪೆನ್ಸಿಲಿನಲ್ಲಿ ತಿದ್ದಿಡುತ್ತಿದ್ದಿರಿ. ಈ ವರ್ಷ ತಿದ್ದುವವರು ಯಾರು?

"ಅಮ್ಮಾ, ಕ್ಯಾಲೆಂಡರ್‌ನಲ್ಲಿ ಟುಮಾರೋ ಅಂತಿದೆ ಅಲ್ವಾ? ಜಸ್ಟ್ ಗೋ ವಿತ್ ದಟ್!" ಅಂದಳು ಮೇಧಾ.

"ಹೊಟ್ಟೆ ಇಲ್ಲಿಟ್ಕೊಂಡು ಏಕಾದಶಿ ಮೈಸೂರಲ್ಲಿ ಮಾಡಕ್ಕಾಗುತ್ತೇನೇ?"

"ಪ್ಲೀಸ್ ಅಮ್ಮಾ. ನೋ ಡ್ರಾಮಾ ಟುಡೇ."

ಒಪ್ಪಿಕೊಂಡ ಊಟ ತಪ್ಪಿಸುವ ಹಾಗಿರಲಿಲ್ಲ, ಕಾರು ಹತ್ತಿದೆವು.

ಹೋಟೆಲು ನಿಜಕ್ಕೂ ಕೋಟೆಯೇ ರೀ. ಹಿಂದಿನ ಕಾಲದ ಮರದ ವ್ಯಾಪಾರಿಯೊಬ್ಬ ಬುರುಜು ಸಮೇತ ಕಲ್ಲಿನಲ್ಲಿ ಕಟ್ಟಿಸಿದ್ದಂತೆ. ಒಳಗೆ ನೋಡಿದರೆ ಕಾಲು ಹೂತುಹೋಗುವ ಕಾರ್ಪೆಟ್ಟು, ಆಳೆತ್ತರದ ಬೆಂಕಿಗೂಡು. ಹೆಲೆನ್ ಥಾಮಸ್ ಜೊತೆ ಬಾಗಿಲಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಬೆಂದ ಮಾಂಸವನ್ನು ಅಲ್ಲೇ ಕೊಯ್ದು ಬಡಿಸುವುದು ನನ್ನ ಕಣ್ಣಿಗೆ ಬೀಳಬಾರದೆಂದು ದೂರದ ಮೂಲೆಯ ಮೇಜು ಹಿಡಿದಿದ್ದರು. ನಮ್ಮ ಆಲೂಗಡ್ಡೆ ಮಾಂಸದ ಕೊಬ್ಬು ಸೋಕದೆ ಬರೀ ಎಣ್ಣೆಯಲ್ಲಿ ಬೇರೆ ತಟ್ಟೆಯಲ್ಲೇ ಬೇಯಬೇಕೆಂದು ಅಡುಗೆಯವರಿಗೆ ಮೊದಲೇ ಹೇಳಿಟ್ಟಿದ್ದರು. ನನಗಾಗಿ ಗೋಡಂಬಿ, ಅಣಬೆ, ಬ್ರೆಡ್ಡಿನ ಪುಡಿ ಕಲಸಿ ಇಟ್ಟಿಗೆಯಂತೆ ಬೇಯಿಸಿದ ಒಂದು ರೋಸ್ಟನ್ನೂ ಮಾಡಿಸಿದ್ದರು. ಇಷ್ಟೆಲ್ಲ ಮಾಡಿದವರ ಮುಂದೆ ತಿನ್ನುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ, ನೀವೇ ಹೇಳಿ?

ಊಟಕ್ಕೆ ಮುಂಚೆ ಹೆಲೆನ್ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ನಾನೂ ಮುಚ್ಚಿದೆ. ಕೃಷ್ಣಾ, ದಾರಿ ತೋರಿಸಪ್ಪ ಅಂದೆ. ಕಣ್ಣು ಬಿಟ್ಟರೆ ಇಟ್ಟಿಗೆ ಅಲ್ಲೇ ಇತ್ತು. ಕತ್ತರಿಸಿದೆ, ಆ ಕಡೆ ತಳ್ಳಿದೆ, ಈ ಕಡೆ ತಳ್ಳಿದೆ.

ಹೆಲೆನ್ ನೋಡಿಯೇ ನೋಡಿದರು. ಅವರ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಹಿಡಿಸಲಿಲ್ವಾ?"

ಅಷ್ಟು ಅಕ್ಕರೆಯಿಂದ ಕೇಳಿದವರಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಫೋರ್ಕು ಕೆಳಗಿಟ್ಟೆ. "ಇವತ್ತು ನಮ್ಮ ದೇವರ ಉಪವಾಸ. ಧಾನ್ಯ ಮುಟ್ಟೋ ಹಾಗಿಲ್ಲ, ಇದರಲ್ಲಿ ಬ್ರೆಡ್ ಇದೆ. ದಿನ ನೋಡ್ಕೊಳ್ಳೋದ್ರಲ್ಲಿ ನಾನೇ ಎಡವಟ್ಟು ಮಾಡಿದೆ," ಅಂದೆ, ನನಗೆ ಬರುವ ಇಂಗ್ಲಿಷಿನಲ್ಲಿ. ಮೇಧಾ ತಲೆ ತಗ್ಗಿಸಿ ಮಡಿಲಲ್ಲಿದ್ದ ಬಟ್ಟೆ ಹಿಂಡುತ್ತಿದ್ದಳು. ಮುಗಿಯಿತು ಅಂದುಕೊಂಡೆ.

ಹೆಲೆನ್ ಚಾಕು ಕೆಳಗಿಟ್ಟು, "ಆಲೂಗಡ್ಡೆ ಆಗುತ್ತಾ?" ಅಂದರು.

"ಆಗುತ್ತೆ."

"ಕ್ಯಾರೆಟ್?"

"ನಮ್ಮನೇಲಿ ಆಗುತ್ತೆ."

"ಅಬ್ಬಾ! ಈ ಊಟದಲ್ಲಿ ಆಲೂಗಡ್ಡೆಯೇ ಮುಖ್ಯ. ಮಿಕ್ಕಿದ್ದೆಲ್ಲ ಅದಕ್ಕೆ ಜೊತೆ," ಎಂದವರೇ ಆಲೂಗಡ್ಡೆಯ ತಟ್ಟೆಯನ್ನು ನನ್ನ ಮುಂದಕ್ಕೆ ಎಳೆದಿಟ್ಟರು. ಥಾಮಸ್ ಅದಕ್ಕೆ ಕೈ ಚಾಚಿದ. "ನಿನಗೆ ಉಪವಾಸವೇನೋ? ನಿನ್ನ ಪಾಲಿಗೆ ಆ ಇಟ್ಟಿಗೆ ಇದೆ, ತಿನ್ನು," ಅಂದರು ತಾಯಿ. ನಾನು ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ರೀ, ಹಾಗೆ ನಕ್ಕು!

ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ. ನೀವಿದ್ದಿದ್ದರೆ ನಾಲ್ಕು ಜಾಸ್ತಿಯೇ ಹಾಕಿಸಿಕೊಳ್ಳುತ್ತಿದ್ದಿರಿ. ತಿನ್ನುತ್ತಿದ್ದಾಗ ಹೆಲೆನ್ ಕೇಳಿದರು, "ಈ ಉಪವಾಸ ಎಷ್ಟು ದಿನಕ್ಕೊಂದು?"

"ತಿಂಗಳಿಗೆ ಎರಡು."

"ಮೇಧಾ ಕೂಡ ಮಾಡ್ತಾಳಾ?"

"ಅವಳಾ? ಇನ್ನೂ ಇಲ್ಲ."

"ಮುಂದೆ ಮಾಡಿದರೆ ಮೊದಲೇ ಹೇಳಲಿ. ಆ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ ಊಟ."

ಎಷ್ಟು ಸಲೀಸಾಗಿ ಅಂದರು, ಗೊತ್ತೇ? ಉಪ್ಪು ಈ ಕಡೆ ಕೊಡಿ ಅನ್ನುವ ಹಾಗೆ. ನನ್ನ ಎದೆಯ ಮೇಲೆ ಇಷ್ಟು ದಿನ ಕೂತಿದ್ದ ಕಲ್ಲು...

ಕಾರಿನ ಹತ್ತಿರ ಮೇಧಾ ನನ್ನ ತೋಳು ಹಿಡಿದುಕೊಂಡು, "ಸೋ? ಅಮ್ಮಾ?" ಅಂದಳು. ನಾನು ನೇರವಾಗಿ ಹೆಲೆನ್ ಹತ್ತಿರ ಹೋಗಿ, ನಮ್ಮಲ್ಲಿ ಅಳಿಯನ ತಾಯಿಯನ್ನು ಬೀಗಿತ್ತಿ ಅನ್ನುತ್ತೇವೆ, ಇನ್ನು ಮುಂದೆ ನಾನು ನಿಮ್ಮನ್ನು ಹಾಗೇ ಕರೆಯುವುದು ಅಂದೆ. ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಆ ಹೆಂಗಸು ಎಲ್ಲರೆದುರಿಗೆ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಅವರಿಗೂ ಭಯವಿತ್ತಂತೆ ರೀ. ನಾನು ಏನಂದುಬಿಡುತ್ತೇನೋ ಅಂತ.