ಕಿಟಕಿ ತೆರೆಯುವ ಮೊದಲು

೧೪ನೇ ತಾರೀಕು, ಗುರುವಾರ

ಪ್ರೀತಿಯ ಅಮ್ಮ,

ನಾನು ಇಲ್ಲಿ ಕ್ಷೇಮ. ಹಿಂದಿನ ಮೂರು ಪತ್ರಗಳಲ್ಲೂ ಹೀಗೇ ಬರೆದಿದ್ದೆ, ಮೂರೂ ಸುಳ್ಳು. ಇವತ್ತಿನದು ನಿಜ, ಅದಕ್ಕೇ ಹಳೆಯದನ್ನೂ ಹೇಳುವ ಧೈರ್ಯ ಬಂದಿದೆ.

ಸಂಖ್ಯಾಶಾಸ್ತ್ರದ ಮೇಲೆ ನನಗೆ ಜಿಗುಪ್ಸೆ ಬಂದುಬಿಟ್ಟಿತ್ತು. ಪರೀಕ್ಷೆಯಲ್ಲಿ ತೊಂಬತ್ತು ಬರುತ್ತಿತ್ತು, ಆದರೆ ಈ ಲೆಕ್ಕ ಯಾರಿಗೆ ಬೇಕೆಂದು ನನಗೇ ಗೊತ್ತಿರಲಿಲ್ಲ. ಕೊನೆಯ ವರ್ಷದವರು ಒಂದು ತಿಂಗಳು ಎಲ್ಲಾದರೂ ಕೆಲಸದ ಜಾಗದಲ್ಲಿದ್ದು, ತರಗತಿಯಲ್ಲಿ ಕಲಿತದ್ದನ್ನು ಅಲ್ಲಿ ಬಳಸಿ ವರದಿ ಬರೆಯಬೇಕು. ಅದನ್ನು ಒಪ್ಪಿ ಸಹಿ ಹಾಕುವವರು ನಮ್ಮ ಮೇಡಂ ಅಲ್ಲ, ಅಲ್ಲೇ ದುಡಿಯುವವರು. ಈ ವರದಿಯೂ ಬರೀ ಕಾಗದವಾದರೆ ಓದು ಬಿಟ್ಟು ನಿನ್ನ ಹೊಲಿಗೆ ಅಂಗಡಿಗೆ ಬಂದುಬಿಡುವುದೆಂದು ತೀರ್ಮಾನಿಸಿದ್ದೆ.

ನನ್ನನ್ನು ಹಾಕಿದ್ದು ಆಸ್ಪತ್ರೆಯ ಹೊರರೋಗಿಗಳ ವಿಭಾಗಕ್ಕೆ. ಅಲ್ಲಿ ಕಿಟಕಿಯಲ್ಲಿ ಕೂತು ಸರದಿಯ ಚೀಟಿ ಕೊಡುವವಳನ್ನು ಎಲ್ಲರೂ ಚೀಟಿಯಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವಳದು ಅದೇ ಕುರ್ಚಿ. ಮೂರು ವಾರ ಅವಳ ಪಕ್ಕದಲ್ಲಿ ಕೂತು, ಚೀಟಿ ಕೊಟ್ಟ ಹೊತ್ತು, ಡಾಕ್ಟರ್ ಕರೆದ ಹೊತ್ತು ಬರೆದುಕೊಂಡೆ. ಸರಾಸರಿ ನಲವತ್ತು ನಿಮಿಷ ಕಾಯುತ್ತಾರೆ ಎಂದು ಬಂತು. ಬಣ್ಣಬಣ್ಣದ ನಕ್ಷೆ ಹಾಕಿ ವರದಿ ಕೊಟ್ಟೆ.

ಅವಳು ಪೂರ್ತಿ ಓದಿದಳು. ನಲವತ್ತು ನಿಮಿಷ ಅಂದ್ರೆ ನನಗೂ ಖುಷಿನೇ ಕಣಮ್ಮ, ಆದ್ರೆ ನಾನು ಎಂಟೂವರೆಗೆ ಕಿಟಕಿ ತೆಗೆದಮೇಲಿಂದ ನೀನು ಎಣಿಸಿದೀಯ, ಅವರು ಬಂದು ಬೆಂಚಲ್ಲಿ ಕೂತಾಗಿಂದ ಎಣಿಸ್ತಾರೆ ಅಂದಳು. ಸಹಿ ಹಾಕಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಿನಗೆ ಗೊತ್ತಲ್ಲ, ವರದಿ ಕಿತ್ತುಕೊಂಡು ಬಂದೆ. ರೂಮಿಗೆ ಬಂದು ಪಠ್ಯಪುಸ್ತಕ ತೆಗೆದರೆ, ಸರದಿಯ ಅಧ್ಯಾಯದ ಮೊದಲ ಪುಟದಲ್ಲೇ, ಕಾಯುವುದು ಎಲ್ಲಿಂದ ಶುರುವಾಗುತ್ತದೆಂದು ಮೊದಲು ನಿರ್ಧರಿಸಿಕೊಳ್ಳಿ ಎಂದಿದೆ. ಅದರ ಕೆಳಗೆ ಕೆಂಪು ಗೆರೆ. ಎಳೆದವಳು ನಾನೇ.

ಮರುದಿನ ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ನಿಂತೆ. ಆಗಲೇ ಹನ್ನೊಂದು ಜನ ಕೂತಿದ್ದರು, ಮೊದಲ ಬಸ್ಸು ಇನ್ನೂ ಇಪ್ಪತ್ತು ಜನರನ್ನು ಇಳಿಸಿತು. ಅರ್ಧಕ್ಕರ್ಧ ರಕ್ತಪರೀಕ್ಷೆಗೆ ಬಂದವರು, ಖಾಲಿ ಹೊಟ್ಟೆಯಲ್ಲಿ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಬ್ಬ ಅಜ್ಜ, ಡಾಕ್ಟ್ರು ಸಕ್ಕರೆ ಬಿಡು ಅಂದ್ರು, ಈ ಕಿಟಕಿ ತಿಂಡಿನೇ ಬಿಡಿಸಿಬಿಡ್ತು ಅಂತ ನಗಾಡಿದರು. ನನಗೆ ನಗು ಬರಲಿಲ್ಲ. ನಿಜವಾದ ಸರಾಸರಿ ಎರಡು ಗಂಟೆ ಐವತ್ತು ನಿಮಿಷ.

ರಕ್ತಪರೀಕ್ಷೆಗೆ ಬರುವವರಿಗೆ ಮಾತ್ರ ಆರೂವರೆಗೇ ಒಂದು ಕಿಟಕಿ ತೆರೆಯಬೇಕೆಂದು ಹೊಸ ವರದಿ ಬರೆದೆ. ದೊಡ್ಡ ಡಾಕ್ಟರ್ ಒಂದು ವಾರ ನೋಡೋಣ ಎಂದರು. ಸೋಮವಾರ ಎಂಟು ಗಂಟೆಗೆಲ್ಲ ಆ ಅಜ್ಜ ಕ್ಯಾಂಟೀನಿನಲ್ಲಿ ತಿಂಡಿ ತಿನ್ನುತ್ತಿದ್ದರು. ನನಗೆ ಸಂತೋಷಕ್ಕೆ ಅಳು ಬಂತಮ್ಮ. ಚೀಟಿಯಕ್ಕ ‘ಈಗ ಸರಿ’ ಎಂದು ಬರೆದು ಸಹಿ ಹಾಕಿದಳು. ನಾನು ಓದು ಬಿಡುವುದಿಲ್ಲ.

ಅಳತೆ ಎಲ್ಲಿಂದ ಹಿಡೀಬೇಕು ಗೊತ್ತಾದ್ರೆ ಅರ್ಧ ಹೊಲಿದ ಹಾಗೆ ಅಂತ ನೀನು ಹೇಳುತ್ತಿದ್ದೆ. ಕೇಳಿ ಕೇಳಿ ಕಿವಿ ತೂತಾಗಿತ್ತು, ತಲೆಗೆ ಹೋಗಿದ್ದು ಮಾತ್ರ ಈಗ.

ನಿನ್ನ ಮೊಂಡು ಮಗಳು

ತಾ.ಕ.: ಹೋದ ಸಲ ಮನೆಗೆ ಬಂದಾಗ ಹಾಸ್ಟೆಲಿನ ಕಾಗದ ಎಂದು ನಿನ್ನ ಸಹಿ ಹಾಕಿಸಿಕೊಂಡೆನಲ್ಲ, ಅದು ಓದು ಬಿಡುವ ಅರ್ಜಿ. ನಿನ್ನ ಕನ್ನಡಕ ರಿಪೇರಿಗೆ ಹೋಗಿದ್ದ ದಿನವನ್ನೇ ನೋಡಿಕೊಂಡು ಕೊಟ್ಟೆ. ಗೇಟಿನಲ್ಲಿ ನಿಂತಾಗ ಬ್ಯಾಗಿನಲ್ಲಿ ಬೇರೆ ಕಾಗದವಿರಲಿಲ್ಲ. ಅವತ್ತು ಬಂದ ಅರವತ್ತೊಂದು ಜನರ ಹೊತ್ತೆಲ್ಲ ಅದರ ಹಿಂಬದಿಯಲ್ಲೇ ಇದೆ. ಎಷ್ಟು ಬೇಕೋ ಅಷ್ಟು ಬೈಯಿ.

೨೦ನೇ ತಾರೀಕು, ಬುಧವಾರ

ನನ್ನ ಮೊಂಡುಮರಿಗೆ,

ಪತ್ರ ಎರಡು ಸಲ ಓದಿದೆ. ಎರಡನೇ ಸಲ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಜೋರಾಗಿ ಓದಿದೆ. ನೀನು ಅಂಗಡಿಗೆ ಬರದಿದ್ದದ್ದು ಒಳ್ಳೆಯದೇ ಆಯಿತು, ನಿನ್ನ ಕೈಯ ಗುಂಡಿ ಹೊಲಿಗೆ ನಾನು ನೋಡಿದ್ದೇನೆ. ಆ ಚೀಟಿಯಕ್ಕನಿಗೆ ಒಂದು ರವಿಕೆ ಹೊಲಿದುಕೊಡುತ್ತೇನೆ, ಅಳತೆ ಕಳಿಸು. ಅಳತೆ ಅವಳೇ ತೆಗೆಯಲಿ, ನೀನು ಬೇಡ.

ನಿನ್ನ ಅಮ್ಮ

ತಾ.ಕ.: ಕನ್ನಡಕ ನನಗೆ ಬೇಕಾಗುವುದು ಸೂಜಿಗೆ ದಾರ ಪೋಣಿಸುವುದಕ್ಕೆ, ದಪ್ಪಕ್ಷರದ ತಲೆಬರಹ ಓದುವುದಕ್ಕಲ್ಲ. ನೀನೇ ಬಾಯಿ ಬಿಡಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ಆ ಸಹಿಯನ್ನು ಸರಿಯಾಗಿ ನೋಡು, ಅಲ್ಲಿರುವುದು ನಿನ್ನ ಅಜ್ಜಿಯ ಹೆಸರು. ಆಫೀಸಿಗೆ ಕೊಟ್ಟಿದ್ದರೆ ಸಹಿ ತಾಳೆಯಾಗದೆ ಅರ್ಜಿ ನನ್ನ ಹತ್ತಿರಕ್ಕೇ ವಾಪಸು ಬರುತ್ತಿತ್ತು, ಅದರ ಹಿಂದೆ ನೀನೂ.