ತೊಟ್ಟಿಲು ಇಳಿಸಿ ಕಳಿಸು

ತಾಂಬಾ, ತಾ. ಇಂಡಿ
ಮಂಗಳವಾರ, ೧೦-೧೨-೨೦೨೪

ಪ್ರೀತಿಯ ಅಣ್ಣಾ,

ಆರಾಮ ಇದ್ದೀಯಾ? ನಿನ್ನ ಮೊಣಕಾಲು ನೋವು ಹೇಗಿದೆ? ಚಳಿ ಬಿದ್ದಿದೆ, ಬೆಳಗಿನ ಇಬ್ಬನಿಯಲ್ಲಿ ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡ. ನೀನು ಯಾರ ಮಾತೂ ಕೇಳುವವನಲ್ಲ, ಆದರೂ ಹೇಳುತ್ತೇನೆ. ಇಂಗಳೇಶ್ವರದ ಕಡೆ ಜೋಳ ಚೆನ್ನಾಗಿ ಎದ್ದಿದೆಯಂತೆ, ಸಂತೋಷ. ವೈನಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಕೇಳಬೇಕಾದ್ದನ್ನೆಲ್ಲ ನಾನು ಕೇಳಿದೆ. ಈ ಮೂರು ತಿಂಗಳಲ್ಲಿ ನೀನು ಮಾತ್ರ ಇಲ್ಲಿ ಯಾರ ಆರಾಮವನ್ನೂ ಕೇಳಿಲ್ಲ. ನನ್ನ ಮಗಳು ಸುನಂದಾ ನಿನ್ನ ಮನೆಯ ಸೊಸೆಯೂ ಹೌದು ಎಂಬುದು ನೆನಪಿದೆಯಲ್ಲ? ಹೆತ್ತು ಹಾಸಿಗೆ ಹಿಡಿದವಳ ಮುಖ ನೋಡಲು ನೀನು ಬರಲಿಲ್ಲ. ಗಂಡು ಹುಟ್ಟಿದ್ದರೆ ಪೇಢೆ ಡಬ್ಬಿ ಹಿಡಿದು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದೆ. ಮೂರನೆಯದೂ ಹೆಣ್ಣಾಯಿತು, ನಿನ್ನ ಮೊಣಕಾಲು ನೋಯತೊಡಗಿತು.

ಈ ಕಾಲದಲ್ಲಿ ಪತ್ರವೇನು ಎಂದು ನಗಬೇಡ. ಫೋನು ಮಾಡಿದರೆ ನೀನು ವೈನಿಯ ಕೈಗೆ ಕೊಡುತ್ತೀ, ಅವಳು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾಳೆ. ಮೊನ್ನೆಯೂ ಹಾಗೇ ಆಯಿತು. "ಎಳ್ಳಮಾಸಿ ಮುಂದ ಸುನಂದಾನ ಕಳಸ್ರಿ. ಮುಂದಿನ ಸಲ ಗಂಡ ಆಗತೈತಿ, ತೊಟ್ಟಿಲಾ ಇನ್ನೂ ಇಳಿಸಿಲ್ಲ ನಾ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ತೊಟ್ಟಿಲು ಯಾರದು ಅಣ್ಣಾ? ಮೊದಲ ಮೊಮ್ಮಗಳನ್ನು ನಿಮ್ಮ ಮನೆಗೆ ಕಳಿಸುವಾಗ ನಮ್ಮ ಹಿತ್ತಲಿನ ಬೇವು ಕಡಿಸಿ, ಬಡಿಗನನ್ನು ಮನೆಯಲ್ಲೇ ಕೂರಿಸಿಕೊಂಡು ಮಾಡಿಸಿದ್ದು. ಅಂದು ಕಟ್ಟಿದ್ದು ಇವತ್ತಿನವರೆಗೂ ನಿಮ್ಮ ಪಡಸಾಲೆಯಲ್ಲೇ ಜೋತಾಡುತ್ತಿದೆ. ಗಂಡು ಮಲಗುವ ತನಕ ಇಳಿಸಬಾರದಂತೆ. ಅಲ್ಲಿದ್ದಷ್ಟು ದಿನ ಮುಂಜಾನೆ ಎದ್ದು ಕಸ ಹೊಡೆಯುವಾಗ ನನ್ನ ಮಗಳ ತಲೆಗೆ ಅದು ತಾಗುತ್ತಿತ್ತು. ಇದೆಲ್ಲ ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೇ ಇದನ್ನು ಬರೆದು ನಮ್ಮ ನಿಂಬೆ ಒಯ್ಯುವ ಮೀರಾಸಾಬನ ಕೈಯಲ್ಲಿ ಕೊಡುತ್ತಿದ್ದೇನೆ. ಬಾಗೇವಾಡಿಯಲ್ಲಿ ಮಾಲು ಇಳಿಸಿ ನಿಮ್ಮೂರಿಗೆ ಬರುತ್ತಾನೆ. ನಿನ್ನ ಕೈಗೇ ಕೊಡಬೇಕು, ವೈನಿಗಲ್ಲ ಎಂದು ಹೇಳಿದ್ದೇನೆ.

ಎರಡನೆಯ ಹೆರಿಗೆಯಾದಾಗ ಸುನಂದಾ ತಾನೇ ಕೇಳಿ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಮೈ ಸುಧಾರಿಸಲಿ, ಎರಡು ಕೂಸುಗಳನ್ನು ಸಾಕುವಷ್ಟು ಉಸಿರು ಬರಲಿ ಎಂದು. ತಪ್ಪೇನು? ನಿಮ್ಮ ಮನೆಗೆ ಹೋದ ಮೇಲೆ ವೈನಿಗೆ ಗೊತ್ತಾಯಿತು. "ತಾಮ್ರದ ತಂತಿ ಎದಿಗಿ ಏರತೈತಿ" ಎಂದು ಹೆದರಿಸಿ, ಯಾವುದೋ ಖಾಸಗಿ ದವಾಖಾನೆಗೆ ಎಳೆದುಕೊಂಡು ಹೋಗಿ ತೆಗೆಸಿದಳು. ನೀನೇ ಮೋಟಾರ್ ಸೈಕಲ್ ಮೇಲೆ ಕರೆದುಕೊಂಡು ಹೋದೆಯಂತೆ. ಹೊರಗೆ ನಿಂತು ಚಹಾ ಕುಡಿದೆಯಂತೆ. ಅದನ್ನು ತೆಗೆಯಬೇಕೋ ಇರಬೇಕೋ ಎಂದು ಅದನ್ನು ಹೊತ್ತವಳನ್ನು ಒಬ್ಬರಾದರೂ ಕೇಳಿದಿರಾ? ಆಮೇಲೆ ಇನ್ನೇನು, ಎಳೆಗೂಸು ಕಂಕುಳಲ್ಲಿರುವಾಗಲೇ ಮತ್ತೆ ಬಸಿರು. ಸೆಪ್ಟೆಂಬರಿನಲ್ಲಿ ಹೆರಿಗೆಯಾಗಿ ರಕ್ತ ನಿಲ್ಲದೆ ಇಂಡಿಯಿಂದ ವಿಜಯಪುರಕ್ಕೆ ಒಯ್ಯುವಾಗ ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ತುಟಿ ಬಿಳಿಚಿಹೋಗಿತ್ತು. "ಅವ್ವಾ, ಹುಡುಗ್ಯಾರನ್ನ ನೀನ ಇಟಗೋ" ಎಂದಳು. ಅಣ್ಣಾ, ಆ ಮಾತು ನಿನಗೆ ಕೇಳಿಸಬೇಕಿತ್ತು. ಜೀವ ಹೋಗಿ ಬಂತು. ಇನ್ನೊಂದು ಬಸಿರನ್ನು ಈ ಮೈ ತಾಳುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ರಕ್ತ ಇಷ್ಟು ಕಡಿಮೆ ಇರುವಾಗ ಅವಳಿಗೆ ಮಕ್ಕಳಾಗದ ಆಪರೇಶನ್ ಈಗಲೇ ಬೇಡ ಎಂದೂ ಹೇಳಿದರು.

ನಮ್ಮೂರ ಸರ್ಕಾರಿ ದವಾಖಾನೆಯ ನರ್ಸ್ ಶಮಾ ದೀಪಾವಳಿಗೆ ಬಂದ ಅಳಿಯ ಅನಿಲನನ್ನು ಕೂರಿಸಿಕೊಂಡು ಹೇಳಿದಳು. "ಗಂಡಸರದ ಭಾಳ ಸಣ್ಣ ಆಪರೇಶನ್ ಐತ್ರಿ. ಅವತ್ತ ಮನಿಗಿ ಹೋಗಬಹುದು. ಆದ್ರ ಯಾರೂ ಬರಂಗಿಲ್ರಿ." ನಿನ್ನ ಮಗ ಒಳ್ಳೆಯವನು, ತಲೆ ಬಗ್ಗಿಸಿ ಕೇಳಿದ. ಊರಿಗೆ ಬಂದು ನಿನ್ನ ಮುಂದೆ ಆ ಮಾತು ತೆಗೆದದ್ದಕ್ಕೆ ನೀನು ಏನೆಂದೆ? "ಹೊಲದಾಗ ಗಳೇ ಹೊಡಿಯೋ ಗಂಡಸ ಕತ್ತರಿ ಹಾಕಿಸ್ಕೋತಾನೇನು? ನಮ್ಮ ಮನಿತನದಾಗ ಇಂಥಾದ್ದ ಆಗಿಲ್ಲ" ಎಂದು ತಾಟು ದೂಡಿ ಎದ್ದೆಯಂತೆ. ವಾಹ್ ಮನೆತನವೇ! ಹೆಣ್ಣಿನ ಹೊಟ್ಟೆಗೆ ಎಷ್ಟು ಸಲ ಕತ್ತರಿ ಬಿದ್ದರೂ ಮನೆತನಕ್ಕೆ ಏನೂ ಆಗುವುದಿಲ್ಲ.

ಆ ಮನೆತನದ ಒಂದು ಸಂಗತಿ ನಿನಗೆ ಗೊತ್ತಿಲ್ಲ, ಇವತ್ತು ಹೇಳಿಬಿಡುತ್ತೇನೆ. ನಿನ್ನ ಮದುವೆಗೆ ಅವ್ವ ವೈನಿಯ ತವರು ಮುದ್ದೇಬಿಹಾಳಕ್ಕೆ ಬರಲಿಲ್ಲ ಎಂದು ನಿನಗೆ ಇನ್ನೂ ಸಿಟ್ಟಿದೆ. ಅತ್ತೆಗೆ ತನ್ನ ಮೇಲೆ ಮನಸ್ಸಿರಲಿಲ್ಲ ಎಂದು ವೈನಿ ಇವತ್ತಿಗೂ ಎತ್ತಿ ಆಡುತ್ತಾಳೆ. ಅವ್ವನಿಗೆ ಬರಲು ಆಗುತ್ತಿರಲಿಲ್ಲ ಅಣ್ಣಾ. ಎಂಟು ಹೆತ್ತವಳು, ಉಳಿದವರು ನಾವಿಬ್ಬರು. ಅವಳ ಗರ್ಭಕೋಶ ಜಾರಿ ಹೊರಗೇ ಬರುತ್ತಿತ್ತು. ಒಳಗೆ ಅರಿವೆ ಸುತ್ತಿ ಬಿಗಿದುಕೊಂಡು ಓಡಾಡುತ್ತಿದ್ದಳು. ಗಾಡಿಯಲ್ಲಿ ಕುಳಿತರೆ ಪ್ರಾಣ ಹೋದಂತಾಗುತ್ತಿತ್ತು. ಆ ಅರಿವೆಗಳನ್ನು ಒಗೆದು, ದನದ ಕೊಟ್ಟಿಗೆಯ ಹಿಂದೆ ಯಾರಿಗೂ ಕಾಣದ ಹಾಗೆ ಒಣಹಾಕುತ್ತಿದ್ದವಳು ನಾನು. "ಗಂಡಮಕ್ಕಳ ಮುಂದ ಹೇಳಬ್ಯಾಡ, ಮರ್ಯಾದಿ ಹೋಗತೈತಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಮಗನ ಮದುವೆಯ ದಿನ ಒಬ್ಬಳೇ ಮನೆಯಲ್ಲಿ ನಿಂತುಕೊಂಡೇ ಅತ್ತಳಂತೆ. ಸಾಯುವ ತನಕ ಸೊಕ್ಕಿನವಳು ಎನಿಸಿಕೊಂಡಳು. ಅವ್ವನ ಆಣೆಯನ್ನು ಮುರಿದೆ, ಮುರಿದದ್ದಕ್ಕೆ ನನಗೆ ಏನೂ ಅನಿಸುತ್ತಿಲ್ಲ.

ಇನ್ನು ಎಳ್ಳಮಾವಾಸ್ಯೆ ಬಂತು. ಭೂಮಿತಾಯಿ ಬಸುರಿ ಎಂದು ಸಜ್ಜೆ ಕಡುಬು ಮಾಡಿಸಿ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲುತ್ತೀ. ಹಳ್ಳದ ದಂಡೆಯ ಎರೆ ಹೊಲಕ್ಕೆ ಸುಸ್ತಾಗಿದೆ ಎಂದು ಹೋದ ವರ್ಷ ಏನೂ ಬಿತ್ತದೆ ಬೀಳು ಬಿಟ್ಟೆ. ಮಣ್ಣಿನ ಮೇಲೆ ಇರುವಷ್ಟು ಕರುಣೆ ತಂಗಿಯ ಮಗಳ ಮೇಲೆ ಇಲ್ಲವೇ? ತವರಿಗೆ ಹೆಣ್ಣು ಕೊಡುವಾಗ ನಾನು ಒಂದು ಮಾತೂ ಕೇಳಲಿಲ್ಲ, ನನ್ನ ಅಣ್ಣನ ಮನೆ ಎಂದು ಕಣ್ಣು ಮುಚ್ಚಿ ಕೊಟ್ಟೆ. ಅದನ್ನು ನೆನೆದರೆ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತದೆ. ಎಳ್ಳಮಾವಾಸ್ಯೆಗೆ ಸುನಂದಾ ಬರುವುದಿಲ್ಲ. ಮಕ್ಕಳೂ ಬರುವುದಿಲ್ಲ. ಪಂಚರನ್ನು ಕರೆದುಕೊಂಡು ಬರುವುದಾದರೆ ಬಾ, ಊಟ ಹಾಕಿ ಇದೇ ಮಾತನ್ನು ಅವರೆದುರೂ ಹೇಳುತ್ತೇನೆ.

ವೈನಿಗೆ ಶರಣು ಹೇಳು. ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲಿ. ಸಿಟ್ಟು ಎಷ್ಟಿದ್ದರೂ ನೀನು ನೂರು ವರ್ಷ ಬಾಳು, ನನಗೆ ತವರು ಎಂದು ಉಳಿದಿರುವವನು ನೀನೊಬ್ಬನೇ.

ನಿನ್ನ ತಂಗಿ,
ಸಿದ್ದವ್ವ

ತಾ.ಕ.: ಮೀರಾಸಾಬ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅನಿಲ ಟ್ರ್ಯಾಕ್ಟರ್ ಸಾಮಾನು ತರಲು ವಿಜಯಪುರಕ್ಕೆ ಹೋಗಿದ್ದಾನೆ ಎಂದುಕೊಂಡಿದ್ದೀಯಲ್ಲ, ಅವನು ಇಲ್ಲಿ ನಮ್ಮ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದಾನೆ. ನಿನ್ನೆ ತಾನೇ ಹೋಗಿ ಆಪರೇಶನ್ ಮಾಡಿಸಿಕೊಂಡು ಬಂದ. ಆರಾಮ ಇದ್ದಾನೆ, ಈಗಷ್ಟೇ ಎರಡು ರೊಟ್ಟಿ ತಿಂದ. "ಅಪ್ಪಗ ನೀನ ಬರಿ ಅತ್ತಿ, ನನಗ ಹೇಳಾಕ ಧೈರ್ಯ ಸಾಲಂಗಿಲ್ಲ" ಎಂದ. ಮೂರು ಮಕ್ಕಳ ತಂದೆ, ಕತ್ತರಿಗೆ ಹೆದರಲಿಲ್ಲ, ನಿನಗೆ ಹೆದರುತ್ತಾನೆ. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿ ಖಾತ್ರಿ ಹೇಳುತ್ತಾರಂತೆ, ಅಲ್ಲಿಯವರೆಗೆ ಸುನಂದಾ ನನ್ನ ಹತ್ತಿರವೇ ಇರುತ್ತಾಳೆ. ಆಮೇಲೆ ಬರುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು. ಮೀರಾಸಾಬನ ಗಾಡಿ ವಾಪಸು ಖಾಲಿ ಬರುತ್ತದೆ. ತೊಟ್ಟಿಲು ಇಳಿಸಿ ಅದರಲ್ಲಿ ಹಾಕಿ ಕಳಿಸು. ನಿನ್ನ ಮೂರನೆಯ ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಹಳೆಯ ಸೀರೆಯ ಜೋಲಿಯಲ್ಲಿ ಮಲಗುತ್ತಿದ್ದಾಳೆ.